'ಎರಡು ದಿನದಿಂದ' ಅಂದರೆ ಸಿನ್ಸಾ, ಫಾರಾ? ಗೊಂದಲದ ಇಂಗ್ಲಿಷ್ ಪದಗಳನ್ನು ಮಕ್ಕಳಿಗೆ ಕಲಿಸುವ ದಾರಿ

ಮಲ್ಪೆ ಕಡೆಯಿಂದ ಬರುತ್ತಿದ್ದ ಎಂಟನೇ ತರಗತಿಯ ಹುಡುಗಿಯೊಬ್ಬಳು ಒಂದು ಸೋಮವಾರ ಬೆಳಿಗ್ಗೆ ರಜಾ ಅರ್ಜಿ ತಂದು ನನ್ನ ಮೇಜಿನ ಮೇಲಿಟ್ಟಳು. 'ಮೈ ಮದರ್ ಈಸ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ಟೂ ಡೇಸ್' ಅಂತ ಬರೆದಿದ್ದಳು. ನಾನು ಅಭ್ಯಾಸ ಬಲದಿಂದ ಕೆಂಪು ಪೆನ್ನಿನಲ್ಲಿ 'ಸಿನ್ಸ್' ಹೊಡೆದು, ಮೇಲೆ 'ಫಾರ್' ಬರೆದು ಕೊಟ್ಟೆ. ಅವಳು ಹೋಗಲಿಲ್ಲ. ಕಾಗದ ನೋಡುತ್ತಾ ನಿಂತು ಕೇಳಿದಳು: "ಟೀಚರ್, ಅಮ್ಮನಿಗೆ ಎರಡು ದಿನದಿಂದ ಜ್ವರ ಅಲ್ವಾ? 'ಇಂದ' ಅಂದ್ರೆ ಸಿನ್ಸ್ ಅಂತ ನೀವೇ ಹೇಳಿದ್ದಲ್ವಾ?"

ಹೌದು, ನಾನೇ ಹೇಳಿದ್ದೆ. ಹಿಂದಿನ ತಿಂಗಳು ಬೋರ್ಡಿನ ಮೇಲೆ 'ಸಿನ್ಸ್ ಅಂದರೆ ಇಂದ' ಅಂತ ಬರೆದದ್ದು ನನ್ನದೇ ಕೈ. ಅವಳು ಅದನ್ನು ಸರಿಯಾಗಿ ಕಲಿತು, ಸರಿಯಾಗಿ ಬಳಸಿದ್ದಳು. ತಪ್ಪಾದದ್ದು ಅವಳ ಗಮನ ಅಲ್ಲ, ನನ್ನ ಪಾಠ.

ಅವತ್ತಿನಿಂದ ಈ ಗೊಂದಲದ ಪದಗಳನ್ನು ಕಲಿಸುವ ರೀತಿಯನ್ನೇ ಬದಲಿಸಿದೆ. ಮಗು ಒಂದು ಇಂಗ್ಲಿಷ್ ಪದದ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ, ಹೆಚ್ಚಿನ ಸಲ ಅದರ ಅಡಿಯಲ್ಲಿ ಒಂದು ಕನ್ನಡ ಅಥವಾ ತುಳು ಪದ ಕೂತಿರುತ್ತದೆ. ಮೊದಲು ಅದನ್ನು ಹುಡುಕಬೇಕು. ಆಮೇಲೆ ಪಾಠ. ಉಡುಪಿ, ಮಂಗಳೂರು ಕಡೆಯ ಕನ್ನಡ ಮಾಧ್ಯಮದ ಹೈಸ್ಕೂಲ್ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ತಂದೆ ತಾಯಿಗೂ ಉಪಯೋಗ ಆಗಬಹುದು.

ಮೊದಲ ಹೆಜ್ಜೆ: ರೆಡಿ ಪಟ್ಟಿ ಬೇಡ, ನಿಮ್ಮ ಮಕ್ಕಳ ತಪ್ಪನ್ನೇ ಕೂಡಿಡಿ

ಫೋನಿನಲ್ಲಿ ಹುಡುಕಿದರೆ ಗೊಂದಲದ ಪದಗಳ ನೂರಾರು ಜೋಡಿ ಸಿಗುತ್ತವೆ. ಪ್ರಿಂಟ್ ತೆಗೆದು ಹಂಚುವುದು ಸುಲಭ. ಆದರೆ ಆ ಪಟ್ಟಿಗಳಲ್ಲಿ ಹೆಚ್ಚಿನವು ಮನೆಯಲ್ಲಿ ಇಂಗ್ಲಿಷ್ ಮಾತಾಡುವ ಮಕ್ಕಳಿಗಾಗಿ ಮಾಡಿದವು. ಆ ಮಕ್ಕಳಿಗೆ ಮಾತು ಬರುತ್ತದೆ, ಸ್ಪೆಲ್ಲಿಂಗ್ ತಪ್ಪುತ್ತದೆ. ಅವರು 'ಸಿನ್ಸ್ ಟೂ ಡೇಸ್' ಅನ್ನುವುದೇ ಇಲ್ಲ, ಹಾಗಾಗಿ ಅಂಥ ಪಟ್ಟಿಯಲ್ಲಿ ಅದು ಸಿಗುವುದು ಕಡಿಮೆ. ನಮ್ಮ ಮಕ್ಕಳಿಗೆ ಬೇಕಾದದ್ದೇ ಬಿಟ್ಟು ಹೋಗಿರುತ್ತದೆ.

ಜೂನ್‌ನಲ್ಲಿ ಶಾಲೆ ಶುರುವಾದ ಮೇಲೆ ಎರಡು ವಾರ ಒಂದು ಸಣ್ಣ ನೋಟ್ ಪುಸ್ತಕ ಇಟ್ಟುಕೊಳ್ಳಿ. ರಜಾ ಅರ್ಜಿ, ಹೋಮ್‌ವರ್ಕ್, ಪ್ರಬಂಧ, ಕ್ಲಾಸಿನಲ್ಲಿ ಆಡಿದ ಮಾತು, ಎಲ್ಲಿ ಪದ ಅದಲು ಬದಲಾದರೂ ಇಡೀ ವಾಕ್ಯ ಬರೆದುಕೊಳ್ಳಿ. ಬರೀ ಪದ ಬರೆದರೆ ಆಮೇಲೆ ಕಾರಣ ಸಿಗುವುದಿಲ್ಲ. ಪುಸ್ತಕವನ್ನು ಮೂರು ಭಾಗ ಮಾಡಿ: ಕಿವಿ, ಕಣ್ಣು, ಮನೆಮಾತು. ಸದ್ದು ಒಂದೇ ಥರ ಕೇಳಿಸಿ ತಪ್ಪಿದ್ದು ಕಿವಿಯ ಪುಟಕ್ಕೆ. ಸ್ಪೆಲ್ಲಿಂಗ್ ಹತ್ತಿರ ಇದ್ದು ತಪ್ಪಿದ್ದು ಕಣ್ಣಿನ ಪುಟಕ್ಕೆ. ಎರಡು ಇಂಗ್ಲಿಷ್ ಪದಕ್ಕೆ ನಮ್ಮಲ್ಲಿ ಒಂದೇ ಪದ ಇರುವುದರಿಂದ ತಪ್ಪಿದ್ದು ಮನೆಮಾತಿನ ಪುಟಕ್ಕೆ. ನನ್ನ ಪುಸ್ತಕದಲ್ಲಿ ಪ್ರತಿ ವರ್ಷ ಬೇಗ ತುಂಬುವುದು ಮೂರನೆಯ ಭಾಗವೇ. ಹಾಗಾಗಿ ಹೆಚ್ಚು ಹೊತ್ತು ಅಲ್ಲಿಯೇ ಕಳೆಯಬೇಕು.

ಎರಡನೇ ಹೆಜ್ಜೆ: ಅಡಿಯಲ್ಲಿರುವ ಪದವನ್ನು ಮಕ್ಕಳ ಕೈಯಲ್ಲೇ ಹುಡುಕಿಸಿ

'ಕೇಳು' ಪದದಿಂದ ಶುರು ಮಾಡಿ. ಹಾಡು ಕೇಳುತ್ತೇವೆ, ಸದ್ದು ಕೇಳುತ್ತದೆ, ಪ್ರಶ್ನೆಯನ್ನೂ ಕೇಳುತ್ತೇವೆ. ಇಂಗ್ಲಿಷಿಗೆ ಇಲ್ಲಿ ಮೂರು ಪದ ಬೇಕು: ಲಿಸನ್, ಹಿಯರ್, ಆಸ್ಕ್. ತುಳುವಿನಲ್ಲೂ ಕೇಳುವುದಕ್ಕೆ, ವಿಚಾರಿಸುವುದಕ್ಕೆ ಒಂದೇ ಪದ. ಕೊಂಕಣಿಯಲ್ಲಿ ಹಾಗಲ್ಲ. ಅಲ್ಲಿ 'ಆಯ್ಕ' ಬೇರೆ, 'ವಿಚಾರ' ಬೇರೆ. ಕ್ಲಾಸಿನಲ್ಲಿ ಕೊಂಕಣಿ ಮನೆಯ ಮಗು ಇದ್ದರೆ ಎದ್ದು ನಿಂತು ಹೇಳಲು ಹೇಳಿ. ತನ್ನ ಮನೆಮಾತಿನಿಂದ ಇಂಗ್ಲಿಷ್ ಪಾಠಕ್ಕೆ ಸಹಾಯ ಆಯಿತು ಅಂತ ಆ ಮಗುವಿಗೆ ಗೊತ್ತಾದಾಗ ಮುಖ ಅರಳುತ್ತದೆ. ಬ್ಯಾರಿ ಮಾತಾಡುವ ಮಕ್ಕಳನ್ನೂ ಕೇಳಿ, 'ನಿಮ್ಮಲ್ಲಿ ಇದಕ್ಕೆ ಎಂತ ಹೇಳುವುದು?' ಅಂತ. ನಮ್ಮ ಊರಿನ ಒಂದು ಕ್ಲಾಸಿನಲ್ಲಿ ನಾಲ್ಕು ಭಾಷೆ ಕೂತಿರುತ್ತದೆ. ಅದನ್ನು ಬಳಸದೇ ಇರುವುದು ನಷ್ಟ.

ಹಿಯರ್ ಮತ್ತು ಲಿಸನ್ ಬೇರೆ ಮಾಡಲು ನಾನು ಯಕ್ಷಗಾನ ಹಿಡಿಯುತ್ತೇನೆ. ರಾತ್ರಿ ಮಲಗಿದ್ದೀರಿ. ದೂರದ ಗದ್ದೆಯಿಂದ ಚೆಂಡೆಯ ಸದ್ದು ಬರುತ್ತಿದೆ. ನೀವು ಬೇಕು ಅಂದದ್ದಲ್ಲ, ತಾನಾಗಿ ಕಿವಿಗೆ ಬಿತ್ತು. ಅದು ಹಿಯರ್. ಮರುದಿನ ದೇವಸ್ಥಾನದಲ್ಲಿ ತಾಳಮದ್ದಲೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಎದುರಿಗೆ ಕೂತು, ಪಾತ್ರದ ಮಾತಾಡುವ ಅರ್ಥಧಾರಿಯ ಒಂದೊಂದು ಮಾತಿಗೂ ಕಿವಿ ಕೊಟ್ಟಿದ್ದೀರಿ. ಅದು ಲಿಸನ್. ಇಷ್ಟು ಹೇಳಿದ ಮೇಲೆ ಮಕ್ಕಳಿಗೆ ಕನ್ನಡದಲ್ಲೇ ಒಂದು ಗುರುತು ಕೊಡಿ: 'ಕೇಳಿಸಿತು' ಅಂತ ಹೇಳಲು ಬಂದರೆ ಹಿಯರ್, 'ಕಿವಿಕೊಟ್ಟು ಕೇಳಿದೆ' ಅಂತ ಹೇಳಲು ಬಂದರೆ ಲಿಸನ್. ಜೊತೆಗೆ 'ಲಿಸನ್ ಟು' ಅನ್ನುವುದನ್ನು ಒಂದೇ ಪದದ ಹಾಗೆ ಬಾಯಿಪಾಠ ಮಾಡಿಸಿ. ನಮ್ಮಲ್ಲಿ 'ಹಾಡನ್ನು ಕೇಳು' ಅನ್ನುವಾಗ ಆ 'ಟು' ಎಲ್ಲೂ ಇಲ್ಲ, ಅದಕ್ಕೇ ಮಕ್ಕಳು 'ಲಿಸನ್ ಮ್ಯೂಸಿಕ್' ಅಂತ ಬರೆಯುತ್ತಾರೆ.

ಇದೇ ಉಪಾಯ ಸೀ ಮತ್ತು ಲುಕ್‌ಗೂ ನಡೆಯುತ್ತದೆ: 'ಕಾಣಿಸಿತು' ಅಂದರೆ ಸೀ, 'ನೋಡಿದೆ' ಅಂದರೆ ಲುಕ್. ಆದರೆ ಕುಂದಾಪುರ ಕಡೆಯ ಮಕ್ಕಳಿದ್ದರೆ ಜಾಗ್ರತೆ. ಅವರ ಮಾತಿನಲ್ಲಿ 'ಕಾಣಿ' ಅಂದರೆ 'ನೋಡಿ' ಅಂತಲೇ ಅರ್ಥ. ಅವರಿಗೆ 'ಕಣ್ಣಿಗೆ ಬಿತ್ತು' ಅಂತ ಹೇಳಿ, ಆಗ ಸರಿ ಹೋಗುತ್ತದೆ. ಇಂಥ ಸಣ್ಣ ವಿಷಯ ಯಾವ ಗೈಡಿನಲ್ಲೂ ಇರುವುದಿಲ್ಲ. ಮಗುವಿನ ಮನೆ ಯಾವ ಊರಿನಲ್ಲಿ ಅಂತ ಗೊತ್ತಿದ್ದರೆ ಮಾತ್ರ ಹೊಳೆಯುತ್ತದೆ.

'ಹೇಳು' ಪದಕ್ಕೆ ಸೇ ಮತ್ತು ಟೆಲ್. ಇಲ್ಲಿ ಒಂದೇ ಪ್ರಶ್ನೆ ಸಾಕು: 'ಯಾರಿಗೆ?' ಟೆಲ್ ಬಂದ ಕೂಡಲೇ ಅದರ ಹಿಂದೆಯೇ ಒಬ್ಬ ಮನುಷ್ಯ ಬರಬೇಕು. 'ಹಿ ಟೋಲ್ಡ್ ಮಿ.' ಸೇ ಆದ ಮೇಲೆ ಮನುಷ್ಯ ನೇರವಾಗಿ ಬರುವುದಿಲ್ಲ. 'ಹಿ ಸೆಡ್ ಮಿ' ಅನ್ನುವುದು ನಮ್ಮ 'ನನಗೆ ಹೇಳಿದ' ಅನ್ನುವುದರ ನೆರಳು. ಕತೆ, ಸುಳ್ಳು, ನಿಜ, ಇಂಥ ಕೆಲವಕ್ಕೆ ಮನುಷ್ಯ ಇಲ್ಲದಿದ್ದರೂ ಟೆಲ್ ನಡೆಯುತ್ತದೆ ಅಂತ ಸೇರಿಸಿ: 'ಟೆಲ್ ಎ ಸ್ಟೋರಿ', 'ಟೆಲ್ ಎ ಲೈ', 'ಟೆಲ್ ದ ಟ್ರುತ್.'

'ಸಾಲ' ಪದಕ್ಕೆ ಬಾರೋ ಮತ್ತು ಲೆಂಡ್. ಇದನ್ನು ಬಾಯಲ್ಲಿ ವಿವರಿಸಲು ಹೋಗಬೇಡಿ. ಇಬ್ಬರು ಮಕ್ಕಳನ್ನು ಎದುರುಬದುರು ನಿಲ್ಲಿಸಿ ಒಂದು ಪೆನ್ನು ಕೊಡಿ. ಪೆನ್ನು ಕೈಯಿಂದ ಹೊರಗೆ ಹೋಗುವಾಗ ಕೊಡುವವನು 'ಐ ಲೆಂಡ್' ಅನ್ನಲಿ, ಕೈಗೆ ಬರುವಾಗ ತೆಗೆದುಕೊಳ್ಳುವವನು 'ಐ ಬಾರೋ' ಅನ್ನಲಿ. ಹತ್ತು ಸಲ ಆಚೆ ಈಚೆ ಹೋದರೆ ಪೆನ್ನಿನ ಜೊತೆ ಪದವೂ ಕೂತುಬಿಡುತ್ತದೆ.

'ಗೆಲ್ಲು' ಕೂಡ ಹೀಗೆಯೇ. 'ನಾವು ಅವರನ್ನು ಗೆದ್ದೆವು' ಅಂತ ಕನ್ನಡ ಒಪ್ಪುತ್ತದೆ, 'ವಿ ವನ್ ದೆಮ್' ಅಂತ ಇಂಗ್ಲಿಷ್ ಒಪ್ಪುವುದಿಲ್ಲ. ಮ್ಯಾಚ್, ಬಹುಮಾನ, ಕಂಬಳದ ಪದಕ, ಇವಕ್ಕೆ ವಿನ್. ಎದುರಿನ ತಂಡಕ್ಕೆ ಬೀಟ್. 'ತುಂಬಾ' ಪದಕ್ಕೆ ವೆರಿ ಮತ್ತು ಟೂ. ಚಾ ವೆರಿ ಹಾಟ್ ಆದರೆ ಊದಿ ಕುಡಿಯಬಹುದು. ಟೂ ಹಾಟ್ ಆದರೆ ಲೋಟ ಕೆಳಗಿಡಬೇಕು.

ಇನ್ನೊಂದನ್ನು ಹೇಳಲೇಬೇಕು. ನಮ್ಮಲ್ಲಿ ಹೊರಡುವಾಗ 'ಹೋಗ್ತೇನೆ' ಅನ್ನುವುದಿಲ್ಲ, 'ಬರ್ತೇನೆ' ಅನ್ನುತ್ತೇವೆ. ಸಂಜೆ ಬೆಲ್ ಹೊಡೆದ ಮೇಲೆ ಒಬ್ಬ ಹುಡುಗ ಬಾಗಿಲಲ್ಲಿ ನಿಂತು 'ಐ ವಿಲ್ ಕಮ್, ಟೀಚರ್' ಅಂದ. ಅವನನ್ನು ತಿದ್ದಲು ನನಗೆ ಮನಸ್ಸು ಬರಲಿಲ್ಲ. ಅದು ಅವನ ಮನೆಯ ಸಂಸ್ಕಾರ. ಮರುದಿನ ಇಡೀ ಕ್ಲಾಸಿಗೆ ಹೇಳಿದೆ: ನಮ್ಮಲ್ಲಿ ಹೊರಡುವ ಮಾತು ಅಶುಭ ಆಗಬಾರದು ಅಂತ 'ಬರ್ತೇನೆ' ಅನ್ನುತ್ತೇವೆ, ಇಂಗ್ಲಿಷಿನವರಿಗೆ 'ಗೋ' ಅನ್ನುವುದರಲ್ಲಿ ಅಶುಭ ಇಲ್ಲ, ಅಲ್ಲಿ 'ಐ ಆಮ್ ಗೋಯಿಂಗ್' ಅಂದರೆ ಸಾಕು.

ಮೇಲಿನ ಕ್ಲಾಸಿನವರಿಗೆ ಇದನ್ನು ನಿಘಂಟಿನ ಜೊತೆ ಮಾಡಿಸಬಹುದು. ಸಾಮಾನ್ಯವಾಗಿ ನಾವು ಇಂಗ್ಲಿಷ್-ಕನ್ನಡ ನಿಘಂಟು ಕೊಡುತ್ತೇವೆ. ಇಲ್ಲಿ ಬೇಕಾದದ್ದು ಕನ್ನಡ-ಇಂಗ್ಲಿಷ್ ನಿಘಂಟು. ಒಂದು ಕನ್ನಡ ಪದ ತೆರೆದರೆ ಅದರ ಮುಂದೆ ನಾಲ್ಕೈದು ಇಂಗ್ಲಿಷ್ ಪದ ಕಾಣುತ್ತದೆ. ಗೊಂದಲ ಹುಟ್ಟುವ ಜಾಗ ಅದೇ. ಈ ಕೆಲಸಕ್ಕೆ ನಮ್ಮ ಊರಿನಷ್ಟು ಹಳೆಯ ನಂಟು ಇರುವ ಊರು ಕಡಿಮೆ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾಗಿ ಬಂದದ್ದು ಮಂಗಳೂರಿನ ಬಾಸೆಲ್ ಮಿಶನ್‌ನಿಂದ. ಅದಕ್ಕೆ ಎಂಟು ವರ್ಷ ಮೊದಲು, 1886ರಲ್ಲಿ, ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು ಬಂದದ್ದೂ ಇಲ್ಲಿಂದಲೇ. ನಮ್ಮ 'ಕೇಳು', 'ಹೇಳು'ಗಳ ಮುಂದೆ ಯಾವ ಇಂಗ್ಲಿಷ್ ಪದ ಇಡಬೇಕು ಅಂತ ನೂರು ವರ್ಷದ ಹಿಂದೆಯೇ ಇಲ್ಲಿ ಕೂತು ತಲೆ ಕೆಡಿಸಿಕೊಂಡವರಿದ್ದರು ಅಂತ ಮಕ್ಕಳಿಗೆ ಹೇಳಿ. ತಾವೊಬ್ಬರೇ ತಪ್ಪುವವರಲ್ಲ ಅಂತ ಅವರಿಗೆ ಸಮಾಧಾನ ಆಗುತ್ತದೆ.

ಮೂರನೇ ಹೆಜ್ಜೆ: ಸಿನ್ಸ್ ಮತ್ತು ಫಾರ್‌ಗೆ ಒಂದು ಬಸ್ ರೂಟ್

ಈಗ ಆ ರಜಾ ಅರ್ಜಿಗೆ ಬರೋಣ. ಕನ್ನಡದಲ್ಲಿ 'ಶನಿವಾರದಿಂದ ಜ್ವರ', 'ಎರಡು ದಿನದಿಂದ ಜ್ವರ', ಎರಡಕ್ಕೂ ಬಾಲದಲ್ಲಿ 'ಇಂದ'ವೇ. ಇಂಗ್ಲಿಷ್ ಇವೆರಡನ್ನು ಬೇರೆ ಮಾಡುತ್ತದೆ. ಸಾಲದ್ದಕ್ಕೆ ಮಗು ಒಂದನೇ ಕ್ಲಾಸಿನಿಂದ 'ಫಾರ್ ಅಂದರೆ ಗಾಗಿ' ಅಂತ ಕಲಿತಿರುತ್ತದೆ. ಹಾಗಾಗಿ 'ಫಾರ್ ಟೂ ಡೇಸ್' ಅಂದರೆ ಅದಕ್ಕೆ 'ಎರಡು ದಿನಕ್ಕಾಗಿ' ಅಂತ ಕೇಳಿಸುತ್ತದೆ. ಮುಂದೆ ರಜೆ ಬೇಕು ಅಂತ ಕೇಳಿದ ಹಾಗೆ! ಹಿಂದಿನ ಜ್ವರಕ್ಕೆ ಆ ಪದ ಹಾಕಲು ಅದಕ್ಕೆ ಮನಸ್ಸು ಒಪ್ಪುವುದಿಲ್ಲ.

ಬೋರ್ಡಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಎಡ ತುದಿಯಲ್ಲಿ ಮಂಗಳೂರು, ಬಲ ತುದಿಯಲ್ಲಿ ಉಡುಪಿ. ನಡುವೆ ಚುಕ್ಕೆ ಇಟ್ಟು ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ ಅಂತ ಬರೆಯಿರಿ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗದ ಮಗು ನಮ್ಮ ಕಡೆ ಇಲ್ಲ. ಈಗ ಕೇಳಿ: ಕಂಡಕ್ಟರ್ ಬಂದು 'ಎಲ್ಲಿಂದ?' ಅಂದರೆ ಏನು ಹೇಳುತ್ತೀರಿ? ಸ್ಟಾಪಿನ ಹೆಸರು. 'ಎಷ್ಟು ದೂರ?' ಅಂದರೆ? ಕಿಲೋಮೀಟರ್. ಮಂಗಳೂರಿನಿಂದ ಉಡುಪಿಗೆ ಸುಮಾರು 60 ಕಿಲೋಮೀಟರ್. ಸ್ಟಾಪು ಒಂದು ಚುಕ್ಕೆ. ದೂರ ಅಂದರೆ ಎರಡು ಚುಕ್ಕೆಯ ನಡುವಿನ ಗೆರೆ.

ಈಗ ಊರಿನ ಹೆಸರು ಒರೆಸಿ, ಅದೇ ಚುಕ್ಕೆಗಳಿಗೆ ಶನಿವಾರ, ಭಾನುವಾರ, ಸೋಮವಾರ ಅಂತ ಬರೆಯಿರಿ. ಜ್ವರ ಹತ್ತಿದ ಸ್ಟಾಪು ಶನಿವಾರ. ಚುಕ್ಕೆಗೆ ಸಿನ್ಸ್. ಶನಿವಾರದಿಂದ ಇವತ್ತಿನ ತನಕ ಎರಡು ದಿನದ ಗೆರೆ. ಗೆರೆಗೆ ಫಾರ್. 'ಸಿನ್ಸ್ ಸ್ಯಾಟರ್‌ಡೇ', 'ಫಾರ್ ಟೂ ಡೇಸ್.'

ಆಮೇಲೆ ಬೇರೆ ಬೇರೆ ಮಾತು ಕೊಟ್ಟು ಮಕ್ಕಳೇ ಬೋರ್ಡಿಗೆ ಬಂದು ಚುಕ್ಕೆಯಾ, ಗೆರೆಯಾ ಅಂತ ತೋರಿಸಲಿ. ನಿನ್ನೆಯಿಂದ? ಚುಕ್ಕೆ. ತುಂಬಾ ಹೊತ್ತಿನಿಂದ? ಗೆರೆ. ಸಣ್ಣದಿರುವಾಗಿನಿಂದ? ಇಲ್ಲಿ ಕ್ಲಾಸು ಎರಡಾಗುತ್ತದೆ, ವಾದ ಆಗಲಿ ಬಿಡಿ. ಕೊನೆಗೆ ಯಾರಾದರೂ 'ಅದು ಶುರುವಾದ ಜಾಗ ಅಲ್ವಾ' ಅನ್ನುತ್ತಾರೆ. ಮಳೆ ಶುರುವಾದಾಗಿನಿಂದ? ಚುಕ್ಕೆ. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ, ಹಾಗಾದರೆ 'ಉಡುಪಿ ಹ್ಯಾಸ್ ಬೀನ್ ಎ ಡಿಸ್ಟ್ರಿಕ್ಟ್' ಅಂದ ಮೇಲೆ ಮುಂದೆ ಏನು ಬರಬೇಕು? 'ಸಿನ್ಸ್ 1997.' ಉಡುಪಿಯ ಮಠಗಳು ಸರದಿಯಲ್ಲಿ ಕೃಷ್ಣನ ಪೂಜೆ ವಹಿಸಿಕೊಳ್ಳುವುದೇ ಪರ್ಯಾಯ; ಪರ್ಯಾಯದ ಸ್ವಾಮೀಜಿ ಪೂಜೆ ಮಾಡುವುದು? 'ಫಾರ್ ಟೂ ಇಯರ್ಸ್.' ಶುರುವಾಗುವುದು ಜನವರಿ 18ಕ್ಕೆ, ಆ ದಿನ ಒಂದು ಚುಕ್ಕೆ, ಎರಡು ವರ್ಷ ಒಂದು ಗೆರೆ. ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಉಡುಪಿಯಲ್ಲಿ ಸಿಕ್ಕಿಲ್ಲ.

ಇಂಗ್ಲಿಷ್ ಬಾರದ ಅಮ್ಮನೂ ಮನೆಯಲ್ಲಿ ಇದನ್ನು ಕಲಿಸಬಹುದು. ಯಾಕೆಂದರೆ ಬಾಲದಲ್ಲಿ ಒಂದೇ 'ಇಂದ' ಇದ್ದರೂ, ಪ್ರಶ್ನೆ ಕೇಳುವಾಗ ಕನ್ನಡ ಎರಡನ್ನೂ ಬೇರೆ ಮಾಡುತ್ತದೆ. 'ಯಾವಾಗಿನಿಂದ ಜ್ವರ?' ಅಂತ ಕೇಳಿದರೆ ಶನಿವಾರದಿಂದ ಅನ್ನುತ್ತೇವೆ. 'ಎಷ್ಟು ದಿನದಿಂದ ಜ್ವರ?' ಅಂತ ಕೇಳಿದರೆ ಎರಡು ದಿನದಿಂದ ಅನ್ನುತ್ತೇವೆ. ಯಾವಾಗ ಅಂದರೆ ಸಿನ್ಸ್, ಎಷ್ಟು ಅಂದರೆ ಫಾರ್. ಬೀಡಿ ಕಟ್ಟುತ್ತಾ ಕೂತ ಅಮ್ಮ ತಲೆ ಎತ್ತದೆಯೇ 'ಯಾವಾಗವಾ, ಎಷ್ಟಾ?' ಅಂತ ಕೇಳಿದರೆ ಸಾಕು, ಮಗು ತಾನೇ ತಿದ್ದಿಕೊಳ್ಳುತ್ತದೆ.

'ಈಸ್ ಸಫರಿಂಗ್' ಅನ್ನುವುದು 'ಹ್ಯಾಸ್ ಬೀನ್ ಸಫರಿಂಗ್' ಆಗಬೇಕು ಅನ್ನುವುದು ಇನ್ನೊಂದು ಗಂಟು. ಅದನ್ನು ಅದೇ ದಿನ ಬಿಡಿಸಲು ಹೋಗಬೇಡಿ. ಒಂದು ವಾರ ಬಿಟ್ಟು ಅದಕ್ಕೆಂದೇ ಕೂರಿ.

ನಾಲ್ಕನೇ ಹೆಜ್ಜೆ: ಜೋಡಿಯನ್ನು ಒಟ್ಟಿಗೆ ತೋರಿಸಬೇಡಿ

ಸಿನ್ಸ್ ಮತ್ತು ಫಾರ್‌ಗೆ ಗೆರೆ ಬೇಕಾದ್ದರಿಂದ ಒಟ್ಟಿಗೆ ಹೇಳಿದೆ. ಉಳಿದ ಹೆಚ್ಚಿನ ಜೋಡಿಗೆ ಇದು ಸಲ್ಲದು. ಹೊಸದರಲ್ಲಿ ನಾನು ಬೋರ್ಡನ್ನು ಅರ್ಧ ಮಾಡಿ ಒಂದು ಕಡೆ ಅಫೆಕ್ಟ್, ಇನ್ನೊಂದು ಕಡೆ ಎಫೆಕ್ಟ್ ಬರೆದು ಚಂದ ವಿವರಿಸುತ್ತಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದರು. ಮುಂದಿನ ವಾರ ಪರೀಕ್ಷೆಯಲ್ಲಿ, ಅದರ ತನಕ ಸರಿ ಬರೆಯುತ್ತಿದ್ದವರೂ ಉಲ್ಟಾ ಬರೆದರು. ಎರಡನ್ನೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ನೋಡಿದ ಮಗುವಿಗೆ 'ಈ ಎರಡರಲ್ಲಿ ಏನೋ ಒಂದು' ಅಂತ ಮಾತ್ರ ನೆನಪಿರುತ್ತದೆ. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಅಂತ ನೆನಪಿರುವುದಿಲ್ಲ.

ಆದ್ದರಿಂದ ಜೋಡಿಯಲ್ಲಿ ಜಾಸ್ತಿ ಬಳಕೆಯ ಪದ ಯಾವುದು ನೋಡಿ. ಅದೊಂದನ್ನೇ ಒಂದು ವಾರ ಪಳಗಿಸಿ. ಇಲ್ಲಿ ಅದು ಎಫೆಕ್ಟ್, ಅಂದರೆ ಪರಿಣಾಮ. 'ದಿ ಎಫೆಕ್ಟ್ ಆಫ್ ರೇನ್', 'ದಿ ಎಫೆಕ್ಟ್ ಆಫ್ ಮೆಡಿಸಿನ್', ಯಾವಾಗಲೂ 'ದಿ' ಜೊತೆಗೇ. ಆ ಪದ ಗಟ್ಟಿಯಾದ ಮೇಲೆ ಒಂದು ದಿನ ಹೇಳಿ: ಇದಕ್ಕೆ ಒಬ್ಬ ಅಣ್ಣ ಇದ್ದಾನೆ, ಅವನು ಕೆಲಸ ಮಾಡುವವನು, ಎ ಅಕ್ಷರದಿಂದ ಶುರು. 'ರೇನ್ ಅಫೆಕ್ಟೆಡ್ ದ ಬಸ್ ಸರ್ವಿಸ್.' ಜುಲೈಯಲ್ಲಿ ಮಳೆಗೆ ಶಾಲೆಗೆ ರಜೆ ಸಿಕ್ಕಿದ ಮರುದಿನ ಈ ಪಾಠ ಮಾಡಿದರೆ ಎರಡೂ ಪದ ಅವತ್ತಿನ ಮಾತಿನಲ್ಲೇ ಇರುತ್ತವೆ.

ಐದನೇ ಹೆಜ್ಜೆ: ಕಿವಿಯ ತಪ್ಪಿಗೆ ಮೊದಲು ಕಿವಿಯನ್ನೇ ಪಳಗಿಸಿ

ಇಲ್ಲಿ ನಮ್ಮ ಮಕ್ಕಳಿಗೆ ಒಂದು ಒಳ್ಳೆಯ ಅನುಕೂಲ ಇದೆ. ಕನ್ನಡದಲ್ಲಿ ಹ್ರಸ್ವ, ದೀರ್ಘ ಬೇರೆ ಬೇರೆ. ಹಾಗಾಗಿ ಶಿಪ್ ಮತ್ತು ಶೀಪ್, ಫುಲ್ ಮತ್ತು ಫೂಲ್ ಅವರಿಗೆ ಒಂದೇ ಸಲಕ್ಕೆ ಹಿಡಿಸುತ್ತವೆ. ಕಷ್ಟ ಆಗುವುದು ಕನ್ನಡದಲ್ಲಿ ಇಲ್ಲದ ಸದ್ದಿಗೆ. ದೆನ್ ಮತ್ತು ದ್ಯಾನ್, ಬೆಡ್ ಮತ್ತು ಬ್ಯಾಡ್. ಸ್ನ್ಯಾಕ್ಸ್ ಬರೆಯುವಲ್ಲಿ ಸ್ನೇಕ್ಸ್ ಬರೆದ ಅಂಗಡಿ ಬೋರ್ಡ್ ನೀವೂ ನೋಡಿರುತ್ತೀರಿ.

ಇದಕ್ಕೊಂದು ಆಟ. ನೀವು ಪದ ಹೇಳಿ, ಮಕ್ಕಳು ಕಣ್ಣು ಮುಚ್ಚಿ ಬೆರಳು ತೋರಿಸಲಿ. ದೆನ್‌ಗೆ ಒಂದು ಬೆರಳು, ದ್ಯಾನ್‌ಗೆ ಎರಡು. ಕಣ್ಣು ಮುಚ್ಚಿದರೆ ಪಕ್ಕದವನನ್ನು ನೋಡಿ ತೋರಿಸಲು ಆಗುವುದಿಲ್ಲ. ಕಿವಿ ಬೇರೆ ಮಾಡಿದ ಮೇಲೆ ಬಾಯಿ, ಬಾಯಿ ಬಂದ ಮೇಲೆ ಪೆನ್ಸಿಲ್. ಈ ಕ್ರಮ ತಪ್ಪಿಸಬೇಡಿ. ಡಬ್ಲ್ಯೂ ಮತ್ತು ವಿ ಎರಡಕ್ಕೂ ನಾವು 'ವ' ಅನ್ನುತ್ತೇವೆ, ಹಾಗಾಗಿ ಪಶ್ಚಿಮವೂ 'ವೆಸ್ಟ್', ಬನಿಯನ್ನೂ 'ವೆಸ್ಟ್' ಆಗುತ್ತದೆ. ಡಬ್ಲ್ಯೂಗೆ ದೀಪ ಊದಿ ಆರಿಸುವ ಹಾಗೆ ತುಟಿ ಮುಂದೆ ಮಾಡಲು ಹೇಳಿ. ವಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಒಂದು ಸಣ್ಣ ಕನ್ನಡಿ ಕ್ಲಾಸಿಗೆ ತಂದರೆ ಐದು ನಿಮಿಷದ ಕೆಲಸ.

ಲೂಸ್ ಅಂದರೆ ಸಡಿಲ. ಕಳೆದುಕೊಳ್ಳುವುದಕ್ಕೆ ಕೊನೆಯಲ್ಲಿ ಝೆಡ್ ಸದ್ದು ಬರುತ್ತದೆ. ಬರೆಯುವಾಗ ಸಡಿಲದ್ದಕ್ಕೆ ಎರಡು ಓ, ಗೋಲಿಯ ಹಾಗೆ ಉರುಳುತ್ತವೆ. ಕಳೆದುಕೊಳ್ಳುವುದಕ್ಕೆ ಒಂದೇ ಓ, ಇನ್ನೊಂದು ಗೋಲಿ ಕಳೆದುಹೋಯಿತು.

ಆರನೇ ಹೆಜ್ಜೆ: ಕಣ್ಣಿನ ತಪ್ಪಿಗೆ ಊರಿನ ನೆನಪು ಕೊಡಿ

ಅಡ್ವೈಸ್ ಅನ್ನುವುದರಲ್ಲಿ ಎರಡು ಪದ. ಕೊನೆಯಲ್ಲಿ ಸಿ-ಇ ಬಂದರೆ ಸಲಹೆ, ಅದು ನಾಮಪದ. ಎಸ್-ಇ ಬಂದರೆ ಸಲಹೆ ಕೊಡುವುದು, ಅದು ಕ್ರಿಯಾಪದ, ಸದ್ದಿನಲ್ಲಿ ಝೆಡ್ ಬರುತ್ತದೆ. ಮಲ್ಪೆಯ ಮಕ್ಕಳಿಗೆ ನಾನು ಹೇಳುವುದು ಇಷ್ಟೇ: ನಾಮಪದದೊಳಗೆ ಐ-ಸಿ-ಇ ಇದೆ ನೋಡಿ. ಐಸ್! ಮೀನು ಇಳಿಸುವ ಧಕ್ಕೆಯಲ್ಲಿ ಬೋಟಿಗೆ ತುಂಬುವ ಐಸ್. ಐಸ್ ಅಂದರೆ ಒಂದು ವಸ್ತು, ಕೈಯಲ್ಲಿ ಹಿಡಿಯಬಹುದು. ಐಸ್ ಇದ್ದರೆ ವಸ್ತು, ಇಲ್ಲದಿದ್ದರೆ ಕೆಲಸ. ಪ್ರಾಕ್ಟಿಸ್‌ಗೂ ಇದೇ ಗುರುತು ನಡೆಯುತ್ತದೆ. ಆದರೆ ಅದು ನಾವು ಬಳಸುವ ಬ್ರಿಟಿಷ್ ಸ್ಪೆಲ್ಲಿಂಗಿಗೆ ಮಾತ್ರ. ಅಮೆರಿಕದವರು ಪ್ರಾಕ್ಟಿಸ್‌ನ ಎರಡಕ್ಕೂ ಸಿ ಹಾಕುತ್ತಾರೆ. ಫೋನು ತಾನಾಗಿ ಬದಲಿಸಿದರೆ ಮಗು ಗಾಬರಿಯಾಗದಿರಲಿ ಅಂತ ಮೊದಲೇ ಹೇಳಿಡಿ.

ದೇರ್ ಅಂತ ಕೇಳಿಸುವ ಮೂರು ಪದಗಳಲ್ಲಿ (ಅಲ್ಲಿ, ಅವರ, ಅವರು ಇದ್ದಾರೆ) 'ಅಲ್ಲಿ' ಯಾವುದು ಅಂತ ಹಿಡಿಯಲು ನಮ್ಮ ಭಾಷೆಯೇ ದಾರಿ ತೋರಿಸುತ್ತದೆ. ಇಲ್ಲಿ, ಅಲ್ಲಿ, ಎಲ್ಲಿ: ಮೂರರಲ್ಲೂ 'ಲ್ಲಿ' ಇದೆ ಅಲ್ವಾ? ತುಳುವಿನ ಮುಲ್ಪ, ಅಲ್ಪ, ಓಲ್ಪ ಮೂರರಲ್ಲೂ 'ಲ್ಪ' ಇದೆ. ಹಾಗೆಯೇ ಇಂಗ್ಲಿಷಿನ ಹಿಯರ್, ದೇರ್, ವೇರ್ ಮೂರನ್ನೂ ಬೋರ್ಡಿನಲ್ಲಿ ಒಂದರ ಕೆಳಗೊಂದು ಬರೆಯಿರಿ. ಮೂರರಲ್ಲೂ ಎಚ್-ಇ-ಆರ್-ಇ ಇದೆ. ಜಾಗ ಹೇಳುವ ಪದಕ್ಕೆಲ್ಲ ಆ ನಾಲ್ಕು ಅಕ್ಷರ. ಇದನ್ನು ಮಕ್ಕಳೇ ಕಂಡುಹಿಡಿಯಲಿ, ನೀವು ಸುಮ್ನೆ ಬರೆದು ಕಾಯಿರಿ. ಅವರು ಕಂಡುಹಿಡಿದ ಕ್ಷಣ ಕ್ಲಾಸಿನಲ್ಲಿ ಆಗುವ ಗದ್ದಲ ಕೇಳಲು ನನಗೆ ಈಗಲೂ ಇಷ್ಟ.

ಇಟ್ಸ್‌ಗೆ ಒಂದೇ ಪರೀಕ್ಷೆ: ಬಿಡಿಸಿ 'ಇಟ್ ಈಸ್' ಅಥವಾ 'ಇಟ್ ಹ್ಯಾಸ್' ಅಂತ ಓದಿ. ಅರ್ಥ ಬಂದರೆ ಅಪಾಸ್ಟ್ರಫಿ, ಇಲ್ಲದಿದ್ದರೆ ಬೇಡ. ಡೆಸರ್ಟ್‌ನಲ್ಲಿ ತಿನ್ನುವುದಕ್ಕೆ ಎರಡು ಎಸ್, ಯಾಕೆಂದರೆ ಗಡ್‌ಬಡ್ ಐಸ್‌ಕ್ರೀಮ್ ಇನ್ನೊಂದು ಬೇಕು ಅನಿಸುತ್ತದೆ. ಮರುಭೂಮಿ ಇನ್ನೊಂದು ಯಾರಿಗೂ ಬೇಡ.

ಸ್ಟೇಷನರಿಗೆ ಮಾತ್ರ ಸ್ವಲ್ಪ ಹೊತ್ತು ಕೊಡಿ, ಅದರಲ್ಲಿ ಕತೆ ಇದೆ. ಹಳೆಯ ಕಾಲದ ಯುರೋಪಿನಲ್ಲಿ ಹೆಚ್ಚಿನ ವ್ಯಾಪಾರಿಗಳು ಹೊತ್ತು ಮಾರುವವರು. ಪುಸ್ತಕ ಮಾರುವವರು ಹೆಚ್ಚಾಗಿ ಒಂದೇ ಜಾಗದಲ್ಲಿ ಅಂಗಡಿ ಇಟ್ಟು ಕೂರುತ್ತಿದ್ದರು. ಕೂತಲ್ಲೇ ಇರುವವನು ಅನ್ನುವ ಅರ್ಥದಲ್ಲಿ ಅವನಿಗೆ ಸ್ಟೇಷನರ್ ಅಂತ ಹೆಸರು ಬಂತು. ಅವನ ಅಂಗಡಿಯ ಕಾಗದ, ಪೆನ್ನು ಸ್ಟೇಷನರಿ ಆಯಿತು. ಹಾಗಾಗಿ 'ನಿಂತಲ್ಲೇ ನಿಂತ' ಅನ್ನುವ ಸ್ಟೇಷನರಿಯೂ ಅಂಗಡಿಯ ಸ್ಟೇಷನರಿಯೂ ಒಂದೇ ಮೂಲದವು. ರಥಬೀದಿಯ ಪುಸ್ತಕದಂಗಡಿಯನ್ನೂ, ಬುಟ್ಟಿ ಹೊತ್ತು ಮನೆಮನೆಗೆ ಬರುವ ಮೀನಿನ ಅಕ್ಕನನ್ನೂ ನೆನಪಿಸಿದರೆ ಮಕ್ಕಳಿಗೆ ಚಿತ್ರ ಬರುತ್ತದೆ. ಸ್ಪೆಲ್ಲಿಂಗಿಗೆ ಗುರುತು: ಎನ್ವಲಪ್‌ನ ಇ ಅಂಗಡಿಯದ್ದಕ್ಕೆ, ಪಾರ್ಕ್ ಮಾಡಿದ ಬಸ್ಸಿನ ಎ ನಿಂತದ್ದಕ್ಕೆ.

ಗುರುತು ನೀವೇ ಕೊಡಬೇಕೆಂದಿಲ್ಲ. ಮಕ್ಕಳು ಕಟ್ಟಿದ ಗುರುತು ನಿಮ್ಮದಕ್ಕಿಂತ ಹೆಚ್ಚು ದಿನ ಉಳಿಯುತ್ತದೆ, ಅದು ಎಷ್ಟೇ ವಿಚಿತ್ರವಾಗಿದ್ದರೂ ಸರಿ.

ಏಳನೇ ಹೆಜ್ಜೆ: ತಿದ್ದುವಾಗ ಉತ್ತರ ಬರೆಯಬೇಡಿ, ಪ್ರಶ್ನೆ ಬರೆಯಿರಿ

ಕೆಂಪು ಪೆನ್ನಿನಲ್ಲಿ ಸರಿ ಪದ ಬರೆದು ಕೊಟ್ಟರೆ ಮಗು ಅದನ್ನು ನೋಡಿ ಪುಸ್ತಕ ಮುಚ್ಚುತ್ತದೆ, ಅಷ್ಟೇ. ಅದರ ಬದಲು ಮಾರ್ಜಿನ್‌ನಲ್ಲಿ ಪೆನ್ಸಿಲ್‌ನಿಂದ ಕನ್ನಡದಲ್ಲೇ ಒಂದು ಪ್ರಶ್ನೆ ಹಾಕಿ. ಸಿನ್ಸ್ ತಪ್ಪಿದ್ದರೆ 'ಚುಕ್ಕೆಯಾ, ಗೆರೆಯಾ?' ಸೇ ತಪ್ಪಿದ್ದರೆ 'ಯಾರಿಗೆ?' ಅಡ್ವೈಸ್ ತಪ್ಪಿದ್ದರೆ 'ಐಸ್?' ಮಗು ತಾನೇ ತಿದ್ದಿ ತರಲಿ. ಇದಕ್ಕೆ ಸಮಯ ಹಿಡಿಯುತ್ತದೆ, ಸುಳ್ಳು ಹೇಳುವುದಿಲ್ಲ. ನಲವತ್ತು ಪುಸ್ತಕ ಇದ್ದರೆ ಎಲ್ಲ ತಪ್ಪಿಗೂ ಮಾಡಲು ಆಗದು. ಆ ವಾರದ ಒಂದು ಪದಕ್ಕೆ ಮಾತ್ರ ಮಾಡಿ, ಉಳಿದದ್ದು ಬಿಡಿ.

ಮಾತಾಡುವಾಗ ನಡುವೆ ನಿಲ್ಲಿಸಿ ತಿದ್ದಬೇಡಿ. ಮಗು 'ಐ ಆಮ್ ವೆಯ್ಟಿಂಗ್ ಸಿನ್ಸ್ ಒನ್ ಅವರ್' ಅಂದರೆ, 'ಓ, ಯು ಹ್ಯಾವ್ ಬೀನ್ ವೆಯ್ಟಿಂಗ್ ಫಾರ್ ಆ್ಯನ್ ಅವರ್? ಪಾಪ!' ಅಂತ ಉತ್ತರ ಕೊಡಿ. ಕಿವಿಗೆ ಸರಿಯಾದದ್ದು ಬಿತ್ತು, ಮಗುವಿಗೆ ಅವಮಾನವೂ ಆಗಲಿಲ್ಲ. ತಪ್ಪು ವಾಕ್ಯವನ್ನು ಬೋರ್ಡಿನಲ್ಲಿ ದೊಡ್ಡದಾಗಿ ಬರೆದು ಅಡ್ಡಗೆರೆ ಹಾಕುವುದೂ ಬೇಡ. ಗೆರೆ ಮರೆತುಹೋಗುತ್ತದೆ, ವಾಕ್ಯ ಉಳಿಯುತ್ತದೆ.

ಎಂಟನೇ ಹೆಜ್ಜೆ: ರಜೆ ಮುಗಿದ ಮೇಲೆ ನೋಡಿ

ಪಾಠ ಆದ ಮರುದಿನದ ಟೆಸ್ಟ್ ಏನನ್ನೂ ಹೇಳುವುದಿಲ್ಲ. ದಸರಾ ರಜೆ ಕಳೆದು ಮಕ್ಕಳು ವಾಪಸ್ ಬಂದ ವಾರ ನೋಡಿ. ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆ ಕೊಡಬೇಡಿ. ಅದರಲ್ಲಿ ಎರಡರಲ್ಲಿ ಒಂದು ಊಹೆ ಮಾಡಿದರೂ ಅರ್ಧ ಮಾರ್ಕು ಬರುತ್ತದೆ. ಒಂದು ಕಾಗದ ಕೊಟ್ಟು ಬರೆಯಲು ಹೇಳಿ: ನಿಮ್ಮ ಮನೆಯಲ್ಲಿ ಯಾರು ಯಾವ ಕೆಲಸವನ್ನು ಎಷ್ಟು ಸಮಯದಿಂದ ಮಾಡುತ್ತಿದ್ದಾರೆ? ಅಪ್ಪ ಬೋಟಿಗೆ ಹೋಗುವುದು, ಅಜ್ಜಿ ಮಲ್ಲಿಗೆ ಕಟ್ಟುವುದು, ಅಕ್ಕ ಮಣಿಪಾಲದಲ್ಲಿ ಕೆಲಸಕ್ಕೆ ಸೇರಿದ್ದು. ಪದ ತಾನಾಗಿ ಸರಿಯಾದ ಜಾಗದಲ್ಲಿ ಬಂದರೆ ಅದು ಕಲಿತದ್ದು. ಬಾರದಿದ್ದರೆ ಆ ಪದವನ್ನು ನೋಟ್ ಪುಸ್ತಕದಲ್ಲಿ ಮತ್ತೆ ಮೇಲಕ್ಕೆ ತನ್ನಿ. ಒಂದು ವರ್ಷಕ್ಕೆ ಹದಿನೈದು, ಇಪ್ಪತ್ತು ಜೋಡಿ ಗಟ್ಟಿಯಾದರೆ ಧಾರಾಳ ಆಯಿತು.

ಆ ಹುಡುಗಿ ನವೆಂಬರ್‌ನಲ್ಲಿ ಇನ್ನೊಂದು ರಜಾ ಅರ್ಜಿ ತಂದಳು. ಈ ಸಲ ಅವಳಿಗೇ ಜ್ವರ ಬಂದಿತ್ತು. ಕಾಗದದಲ್ಲಿ 'ಫಾರ್ ತ್ರೀ ಡೇಸ್' ಅಂತ ಇತ್ತು. ಬೆಳಕಿಗೆ ಹಿಡಿದರೆ ಆ ಪದದ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಅಳಿಸಿದ ಸಣ್ಣ ಗುರುತು ಕಾಣುತ್ತಿತ್ತು: 'ಎಷ್ಟು?'